ಪುಟ್ಟ ದೇಶಗಳಿಗೇಕೆ ಬಾಹ್ಯಾಕಾಶದ ಉಸಾಬರಿ?

2018ರ ಆಗಸ್ಟ್ 10ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಮೂರು ಪುಟ್ಟ ಉಪಗ್ರಹಗಳನ್ನು ಹೊರಬಿಡಲಾಯಿತು. ಅವುಗಳಲ್ಲಿ ಒಂದು ಭೂತಾನಿನದು. ಹೆಸರು ಭೂತಾನ್-1. ಪ್ರತಿ ಬದಿಯೂ 10 ಸೆಂಟಿಮೀಟರ್, ತೂಕ ಒಂದು ಕಿಲೋ ಚಿಲ್ಲರೆ. ಆ ದೇಶದ ಮೊದಲ ಉಪಗ್ರಹ ಅದು.

ಭೂತಾನಿನ ಜನಸಂಖ್ಯೆ ಸುಮಾರು 8 ಲಕ್ಷ. ಶಾಲೆ, ಆಸ್ಪತ್ರೆ, ರಸ್ತೆಗಳಿಗೇ ಹಣ ಸಾಲದಿರುವಾಗ ಉಪಗ್ರಹ ಏಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? ಈ ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಹಿಂದೆ ಒಂದು ತಪ್ಪು ಕಲ್ಪನೆಯೂ ಇದೆ.

ಬಾಹ್ಯಾಕಾಶ ಎಂದರೆ ರಾಕೆಟ್ ಮಾತ್ರವಲ್ಲ

ಬಾಹ್ಯಾಕಾಶ ಯೋಜನೆ ಎಂದಕೂಡಲೇ ನಮಗೆ ನೆನಪಾಗುವುದು ರಾಕೆಟ್, ಚಂದ್ರಯಾನ, ಗಗನಯಾತ್ರಿಗಳು. ಇವು ನಿಜಕ್ಕೂ ದುಬಾರಿ. ಆದರೆ ಹೆಚ್ಚಿನ ಪುಟ್ಟ ದೇಶಗಳು ಆ ಗೋಜಿಗೇ ಹೋಗುವುದಿಲ್ಲ. ಭೂತಾನಿನಲ್ಲಿ ಉಡಾವಣಾ ಕೇಂದ್ರವಿಲ್ಲ. ಭೂತಾನ್-1 ಅನ್ನು ಅಲ್ಲಿನ ನಾಲ್ವರು ಎಂಜಿನಿಯರುಗಳು ಜಪಾನಿನ ಕ್ಯೂಶು ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಕಲಿಯುತ್ತಾ ಕಟ್ಟಿದರು. ಮೇಲಕ್ಕೆ ಒಯ್ದದ್ದು ಅಮೆರಿಕದ ರಾಕೆಟ್. ಬೇರೆ ಸರಕಿನ ಜೊತೆ ಹೋಗುವ ಇಂಥ ಪುಟ್ಟ ಉಪಗ್ರಹಗಳಿಗೆ ತಗಲುವ ವೆಚ್ಚ ತೀರಾ ಕಡಿಮೆ.

ಹಾಗಾದರೆ ಇದರಿಂದ ಸಿಗುವುದೇನು? ಉತ್ತರ ಆಕಾಶದಲ್ಲಿಲ್ಲ, ನೆಲದ ಮೇಲಿದೆ.

ಬೆಟ್ಟದ ಮೇಲಿನ ಸರೋವರಕ್ಕೆ ಕಾವಲು ಯಾರು?

1994ರ ಅಕ್ಟೋಬರ್ 7ರಂದು ಭೂತಾನಿನ ಉತ್ತರದಲ್ಲಿ ಲುಗ್ಗೆ ಎಂಬ ಹಿಮನದಿ ಸರೋವರದ ಒಡ್ಡು ಒಡೆಯಿತು. ಪ್ರವಾಹ ಪುನಾಖದವರೆಗೂ ಬಂತು; 20ಕ್ಕೂ ಹೆಚ್ಚು ಜನ ಸತ್ತರು. ಹಿಮನದಿ ಕರಗಿದಂತೆ ಇಂಥ ಸರೋವರಗಳು ಹಿಗ್ಗುತ್ತಾ ಹೋಗುತ್ತವೆ. ಅವಕ್ಕೆ ಕಟ್ಟೆಯಾಗಿರುವುದು ಹಿಮನದಿಯೇ ತಂದು ಗುಡ್ಡೆ ಹಾಕಿದ ಸಡಿಲ ಕಲ್ಲುಮಣ್ಣು. ದಿನಗಟ್ಟಲೆ ನಡೆದೇ ತಲುಪಬೇಕಾದ ಈ ಜಾಗಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಕಾಯಲಾಗದು. ಮೇಲಿನಿಂದ ನೋಡುವುದೇ ಸುಲಭ.

ಭೂತಾನ್-1ರ ಪುಟ್ಟ ಕ್ಯಾಮೆರಾ ಈ ಕೆಲಸಕ್ಕೆ ಸಾಲದು ಎಂಬುದು ನಿಜ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿವೆ. ಮಳೆಗಾಲದ ಮೋಡ ಅಡ್ಡ ಬಂದರೆ, ಅದರ ಮೂಲಕವೂ ನೋಡಬಲ್ಲ ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹದ ಮಾಹಿತಿಯೂ ಉಚಿತ. ಹಾಗಿದ್ದ ಮೇಲೆ ಸ್ವಂತದ್ದೇಕೆ?

ಚಿತ್ರ ಪುಕ್ಕಟೆ ಸಿಗುತ್ತದೆ, ಅದನ್ನು ಓದುವ ಜನ ಪುಕ್ಕಟೆ ಸಿಗುವುದಿಲ್ಲ. ಯಾವ ಸರೋವರ ಹಿಗ್ಗಿದೆ, ಕೆಳಗಿನ ಯಾವ ಊರಿಗೆ ಎಚ್ಚರಿಕೆ ಕೊಡಬೇಕು ಎಂದು ಹೇಳಲು ಆ ನೆಲವನ್ನು ಬಲ್ಲವರೇ ಬೇಕು. ಒಂದು ಸಣ್ಣ ಉಪಗ್ರಹವನ್ನು ಕಟ್ಟಿ, ಅದರೊಂದಿಗೆ ಮಾತಾಡಿ, ಮಾಹಿತಿ ಇಳಿಸಿಕೊಳ್ಳುವುದು ಅಂಥವರನ್ನು ತಯಾರು ಮಾಡುವ ದಾರಿ.

ಭೂತಾನ್ ಅಲ್ಲಿಗೇ ನಿಲ್ಲಲಿಲ್ಲ. 2022ರ ನವೆಂಬರ್ 26ರಂದು ಶ್ರೀಹರಿಕೋಟದಿಂದ ಹಾರಿದ ಪಿಎಸ್‌ಎಲ್‌ವಿ-ಸಿ54 ರಾಕೆಟ್ ಭಾರತ-ಭೂತಾನ್ ಜಂಟಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ತೂಕ ಸುಮಾರು 18 ಕಿಲೋ. ಅದರಲ್ಲಿ ನೈಸರ್ಗಿಕ ಸಂಪತ್ತಿನ ನಿಗಾ ಇಡುವ ಕ್ಯಾಮೆರಾ ಇತ್ತು. ಹ್ಯಾಮ್ ರೇಡಿಯೊ ಸಂದೇಶಗಳನ್ನು ದಾಟಿಸುವ ಉಪಕರಣವೂ ಇತ್ತು. ಇದಕ್ಕಾಗಿ ಭೂತಾನಿನ ಎಂಜಿನಿಯರುಗಳು ತರಬೇತಿ ಪಡೆದದ್ದು ನಮ್ಮ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ.

ಆಕಾಶದಲ್ಲೂ ಸೈಟಿಗೆ ಬೆಲೆ

ಎರಡನೆಯ ಕಾರಣ ಹಣ. ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ, ಭೂಮಿಯ ಆವರ್ತನೆಗೆ ಸರಿಯಾಗಿ ಹೆಜ್ಜೆ ಹಾಕುವುದರಿಂದ, ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಟಿವಿ ಪ್ರಸಾರಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಒಂದರ ಸಂಕೇತ ಇನ್ನೊಂದಕ್ಕೆ ತಾಕದಂತೆ ಅಂತರ ಬೇಕಾದ್ದರಿಂದ ಅಲ್ಲಿನ ಸೈಟುಗಳು ಸೀಮಿತ. ಅವುಗಳ ನೋಂದಣಿ ನಡೆಯುವುದು ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟದಲ್ಲಿ. ದೊಡ್ಡ ದೇಶ, ಸಣ್ಣ ದೇಶ ಎನ್ನದೆ ಯಾರು ಬೇಕಾದರೂ ಅರ್ಜಿ ಹಾಕಬಹುದು.

ಪೆಸಿಫಿಕ್ ಸಾಗರದ ಟೊಂಗಾ ಇದನ್ನು ಬಹಳ ಮೊದಲೇ ಅರಿತಿತ್ತು. ಸುಮಾರು ಒಂದು ಲಕ್ಷ ಜನರಿರುವ ಈ ದ್ವೀಪರಾಷ್ಟ್ರ 1980ರ ದಶಕದ ಕೊನೆಯಲ್ಲಿ 16 ಸೈಟುಗಳಿಗೆ ಅರ್ಜಿ ಹಾಕಿತು! ದೊಡ್ಡವರು ಆಕ್ಷೇಪಿಸಿದರು. ಕೊನೆಗೆ ಕೆಲವು ಸಿಕ್ಕವು, ಅವನ್ನು ಬಾಡಿಗೆಗೆ ಕೊಟ್ಟಿತು.

ಲಕ್ಸೆಂಬರ್ಗ್ ಇನ್ನೂ ಮುಂದೆ ಹೋಯಿತು. ನಮ್ಮ ಕೊಡಗು ಜಿಲ್ಲೆಗಿಂತಲೂ ಚಿಕ್ಕದಾದ ಈ ದೇಶದಲ್ಲಿ 1985ರಲ್ಲಿ ಎಸ್‌ಇಎಸ್ ಎಂಬ ಉಪಗ್ರಹ ಕಂಪನಿ ಸರ್ಕಾರದ ಬೆಂಬಲದಿಂದ ಶುರುವಾಯಿತು. 1988ರಲ್ಲಿ ಅದರ ಮೊದಲ ಉಪಗ್ರಹ ಮೇಲೇರಿತು. ಇಂದು ಅದು ಜಗತ್ತಿನ ದೊಡ್ಡ ಉಪಗ್ರಹ ಕಂಪನಿಗಳಲ್ಲಿ ಒಂದು.

ಕೈಸುಟ್ಟುಕೊಂಡದ್ದೂ ಉಂಟು

ಎಲ್ಲ ಹೂಡಿಕೆಯೂ ಫಲ ಕೊಡುವುದಿಲ್ಲ. ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆ ಮಾಡುತ್ತೇವೆಂದ ಅಮೆರಿಕದ ಕಂಪನಿಯೊಂದರಲ್ಲಿ ಲಕ್ಸೆಂಬರ್ಗ್ 2016ರಲ್ಲಿ ಹಣ ಹಾಕಿತು. ಎರಡೇ ವರ್ಷದಲ್ಲಿ ಆ ಕಂಪನಿ ಬೇರೆಯವರ ಪಾಲಾಯಿತು, ಹಾಕಿದ ಹಣ ಮುಳುಗಿತು. ಟೊಂಗಾದಲ್ಲಿ ಸೈಟುಗಳ ಹಣ ಯಾರಿಗೆ ಸೇರಬೇಕು ಎಂಬ ಜಗಳ ಕೋರ್ಟ್ ಮೆಟ್ಟಿಲೇರಿತು. ನಿಲ್ದಾಣದಿಂದ ಬಿಟ್ಟ ಪುಟ್ಟ ಉಪಗ್ರಹಗಳು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಗುತ್ತವೆ. ಆಮೇಲೆ ಆ ಎಂಜಿನಿಯರುಗಳಿಗೆ ಕೆಲಸವಿಲ್ಲದಿದ್ದರೆ ಉಳಿಯುವುದು ಧ್ವಜದ ಮುಂದಿನ ಫೋಟೊ ಮಾತ್ರ.

ಕೊನೆಗೆ ಉಳಿಯುವ ಪ್ರಶ್ನೆ

2022ರ ಜನವರಿ 15ರಂದು ಟೊಂಗಾದಲ್ಲಿ ಸಾಗರದಡಿಯ ಜ್ವಾಲಾಮುಖಿ ಸಿಡಿಯಿತು. ಹೊರಜಗತ್ತಿಗೆ ಇದ್ದ ಒಂದೇ ಒಂದು ಸಾಗರದಡಿಯ ಕೇಬಲ್ ತುಂಡಾಯಿತು. ದುರಸ್ತಿಗೆ ಐದು ವಾರ ಹಿಡಿಯಿತು. ಅಷ್ಟು ದಿನ ದೇಶವನ್ನು ಹೊರಗಿನವರೊಂದಿಗೆ ಬೆಸೆದದ್ದು ಉಪಗ್ರಹ ಸಂಪರ್ಕವೇ. ಎಲ್ಲಿ ಎಷ್ಟು ಹಾನಿಯಾಗಿದೆ ಎಂದು ಮೊದಲು ತೋರಿಸಿದ್ದರಲ್ಲೂ ಉಪಗ್ರಹ ಚಿತ್ರಗಳ ಪಾಲು ದೊಡ್ಡದು.

ಹಾಗಾಗಿ ಪುಟ್ಟ ದೇಶಕ್ಕೆ ಬಾಹ್ಯಾಕಾಶ ಬೇಕೇ ಎಂಬುದು ಈಗ ಪ್ರಶ್ನೆಯಲ್ಲ. ಅದರ ಬಳಕೆ ಈಗಾಗಲೇ ಆಗುತ್ತಿದೆ. ಆ ಬಳಕೆ ಪೂರ್ತಿ ಬೇರೆಯವರ ಕೈಯಲ್ಲಿರಬೇಕೇ, ಸ್ವಲ್ಪವಾದರೂ ತಮ್ಮ ಕೈಯಲ್ಲಿರಬೇಕೇ ಎಂಬುದು ಪ್ರಶ್ನೆ. ಭೂತಾನಿನಂತೆ ಒಂದು ಕಿಲೋದಿಂದ ಶುರುಮಾಡಿ ಹದಿನೆಂಟು ಕಿಲೋಗೆ ಹೋಗುವುದು ಹಾಸಿಗೆ ಮೀರಿ ಕಾಲು ಚಾಚಿದಂತೇನೂ ಅಲ್ಲ.