ಸ್ತನ ಶಸ್ತ್ರಚಿಕಿತ್ಸೆಯ ನಂತರ ಬೇಕಾಗುವ ಸಾಧನಗಳು: ವಿಮೆ ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ?



ಕ್ಯಾನ್ಸರ್ ಕಾರಣದಿಂದ ಸ್ತನ ತೆಗೆದ ಮೇಲೆ, ಡಿಸ್ಚಾರ್ಜ್ ದಿನ ಎಲ್ಲರೂ ಗುಳಿಗೆ, ಪಥ್ಯ, ಮುಂದಿನ ಕಿಮೋಥೆರಪಿಯ ತಾರೀಖು ಕೇಳುತ್ತಾರೆ. "ಇನ್ನು ಮುಂದೆ ರವಿಕೆ ತೊಡುವುದು ಹೇಗೆ?" ಎಂದು ಕೇಳುವವರು ಬಹಳ ಕಡಿಮೆ. ಕೇಳುವ ಮನಸ್ಸಿದ್ದರೂ ಗಂಡ, ಮಗ, ಅಳಿಯ ಎದುರಿಗಿದ್ದಾಗ ಮಾತು ಹೊರಡುವುದಿಲ್ಲ. ವಿಮೆಯ ಕಾಗದಪತ್ರ ನೋಡಿಕೊಳ್ಳುವವರೂ ಸಾಮಾನ್ಯವಾಗಿ ಅವರೇ. ಹೀಗಾಗಿ ಸಿಗಬಹುದಾದ ಹಣವನ್ನು ಯಾರೂ ಕೇಳುವುದಿಲ್ಲ, ಸಿಗದ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದಾಟವಾಗುತ್ತದೆ. ಈ ಎರಡೂ ತಪ್ಪಲಿ ಎಂಬುದಕ್ಕೆ ಈ ಲೇಖನ.

ಏನೇನು ಬೇಕಾಗುತ್ತದೆ?

1. ಮೆತ್ತನೆಯ ಹಗುರ ಪ್ಯಾಡ್: ಗಾಯ ಮಾಯುವವರೆಗೆ, ಮೊದಲ ಕೆಲವು ವಾರಗಳಿಗೆ.
2. ಸಿಲಿಕೋನ್ ಕೃತಕ ಸ್ತನ: ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ, ಗಾಯ ಪೂರ್ತಿ ಮಾಯ್ದ ಮೇಲೆ. ವಿಕಿರಣ ಚಿಕಿತ್ಸೆ ಇದ್ದರೆ ಚರ್ಮ ಸರಿಹೋಗುವವರೆಗೂ ಕಾಯಬೇಕು. ವೈದ್ಯರ ಒಪ್ಪಿಗೆ ಪಡೆದೇ ಧರಿಸಿ.
3. ಒಳಗೆ ಜೇಬಿರುವ ಬ್ರಾ: ಕೃತಕ ಸ್ತನ ಜಾರದಂತೆ ಹಿಡಿಯಲು.
4. ಕಂಪ್ರೆಷನ್ ಸ್ಲೀವ್ ಎಂಬ ಬಿಗಿ ತೋಳುಚೀಲ: ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರಿಗೆ ತೋಳು ಬಾವು ಬರುತ್ತದೆ. ಆಗ ವೈದ್ಯರು ಹೇಳಿದರೆ, ತೋಳಿನ ಅಳತೆ ಕೊಟ್ಟು ಕೊಳ್ಳಬೇಕು. ಪರರ ಸ್ಲೀವ್ ಬಳಸಬೇಡಿ.

ಇವು ಅಲಂಕಾರದ ವಸ್ತುಗಳಲ್ಲ. ಎದೆಯ ಒಂದು ಬದಿಯ ತೂಕ ಕಡಿಮೆಯಾದಾಗ ಕೆಲವರಿಗೆ ಹೆಗಲು, ಕುತ್ತಿಗೆ, ಬೆನ್ನು ನೋಯುತ್ತವೆ. ಎರಡೂ ಹೆಗಲಿಗೆ ಸೆರಗು ಹೊದ್ದು, ಮದುವೆ-ಮುಂಜಿಗೂ ಹೋಗದೆ ಮನೆಯಲ್ಲೇ ಕುಳಿತುಬಿಡುವವರೂ ಇದ್ದಾರೆ.

ಮೂಲ ನಿಯಮ ತಿಳಿದಿರಲಿ

ಆರೋಗ್ಯ ವಿಮೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಗೆ ಹಣ ಕೊಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ದೇಹದ ಒಳಗೆ ಅಳವಡಿಸುವ ವಸ್ತು ಚಿಕಿತ್ಸೆಯ ಭಾಗವಾಗುತ್ತದೆ. ಮೈಮೇಲೆ ಧರಿಸಿ ತೆಗೆಯುವ ವಸ್ತುಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಪಾವತಿಯಿಲ್ಲದ ವಸ್ತುಗಳ ಪಟ್ಟಿಯಲ್ಲಿ ಕ್ರೇಪ್ ಬ್ಯಾಂಡೇಜ್, ಕೈ ತೂಗುಪಟ್ಟಿ, ಬೆಲ್ಟ್, ಹೊಟ್ಟೆಪಟ್ಟಿಗಳೂ ಇವೆ. ಕೆಲವು ಪಾಲಿಸಿಗಳಲ್ಲಿ ಹೆಚ್ಚಿನ ಪ್ರೀಮಿಯಂಗೆ ಇಂತಹ ವಸ್ತುಗಳನ್ನೂ ಸೇರಿಸಿಕೊಳ್ಳುವ ಅವಕಾಶ ಇರುತ್ತದೆ. ಆದ್ದರಿಂದ ನಿಮ್ಮ ಪಾಲಿಸಿ ಪುಸ್ತಕದ ಹೊರತುಪಡಿಕೆಗಳ ಭಾಗವನ್ನು ಓದಿ, ಇಲ್ಲವೇ ಓದಿಸಿಕೊಳ್ಳಿ.

ಅಮೆರಿಕದಲ್ಲಿರುವ ಬಂಧುಗಳು "ನಮ್ಮಲ್ಲಿ ವಿಮೆಯೇ ಕೊಡುತ್ತದೆ" ಎನ್ನಬಹುದು. ಅಲ್ಲಿ 1998ರ ಕಾಯ್ದೆಯೊಂದರ ಪ್ರಕಾರ, ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಆರೋಗ್ಯ ವಿಮೆ ಕೃತಕ ಸ್ತನ ಹಾಗೂ ತೋಳು ಬಾವಿನ ಚಿಕಿತ್ಸೆಗೂ ಕೊಡಬೇಕು. ಆ ನಿಯಮ ಇಲ್ಲಿನ ಪಾಲಿಸಿಗೆ ಅನ್ವಯಿಸುವುದಿಲ್ಲ.

ಬಹಳ ಜನಕ್ಕೆ ತಿಳಿಯದ ಒಂದು ಹಕ್ಕು

ಅಂದ ಹೆಚ್ಚಿಸುವ ಪ್ಲಾಸ್ಟಿಕ್ ಸರ್ಜರಿಗೆ ವಿಮೆ ಇಲ್ಲ ಎಂಬುದು ನಿಜ. ಆದರೆ ಪ್ರಾಧಿಕಾರ ನಿಗದಿಪಡಿಸಿದ ಅದೇ ಷರತ್ತಿನಲ್ಲಿ ಅಪಘಾತ, ಸುಟ್ಟಗಾಯ ಹಾಗೂ ಕ್ಯಾನ್ಸರ್ ನಂತರದ ಪುನರ್‌ರಚನೆಗೆ ವಿನಾಯಿತಿ ಇದೆ. ಅಂದರೆ ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರು ಅದನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ರೂಪಿಸಿಕೊಂಡರೆ, ಅದು 'ಸೌಂದರ್ಯ ಚಿಕಿತ್ಸೆ' ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಪಾಲಿಸಿಯ ಉಳಿದ ಷರತ್ತು ಮತ್ತು ಮಿತಿ ಅನ್ವಯಿಸುತ್ತವೆ. ಕ್ಯಾನ್ಸರ್ ಕಾರಣವನ್ನು ಸ್ಪಷ್ಟವಾಗಿ ಬರೆದ ವೈದ್ಯರ ಪತ್ರ ಇರಲೇಬೇಕು.

ನಿಮ್ಮ ಕಾರ್ಡ್ ಯಾವುದು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಸ್ತನ ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ವಿಕಿರಣ ಚಿಕಿತ್ಸೆಗೆ ಪ್ಯಾಕೇಜ್‌ಗಳಿವೆ. ಇದು ನಗದುರಹಿತ ಯೋಜನೆ. ಹೊರಗೆ ಹಣ ಕೊಟ್ಟು ಕೊಂಡು, ಆಮೇಲೆ ರಸೀದಿ ತೋರಿಸಿದರೆ ಹಣ ಬರುತ್ತದೆ ಎಂದು ನಂಬಬೇಡಿ. ಏನನ್ನೇ ಕೊಳ್ಳುವ ಮೊದಲು "ಇದು ಪ್ಯಾಕೇಜಿನಲ್ಲಿ ಇದೆಯೇ?" ಎಂದು ಆರೋಗ್ಯ ಮಿತ್ರರನ್ನು ಕೇಳಿ. ಆಯುಷ್ಮಾನ್ ಸಹಾಯವಾಣಿ 14555.

ಯಶಸ್ವಿನಿ: 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಸಹಕಾರ ಸಂಘದ ಸದಸ್ಯರು ನೋಂದಣಿ ಮಾಡಿಸಿ ಕಾರ್ಡ್ ಪಡೆದಿರಬೇಕು. ಇದೂ ಒಪ್ಪಿತ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆಯೇ.

ಇಎಸ್‌ಐ: ಕೃತಕ ಅಂಗ ಹಾಗೂ ಸಾಧನಗಳು ಇಎಸ್‌ಐ ವೈದ್ಯಕೀಯ ಸೌಲಭ್ಯದಲ್ಲಿ ಸೇರಿವೆ. ಕೃತಕ ಸ್ತನ ಅಥವಾ ಸ್ಲೀವ್ ಬೇಕಾದರೆ ಮೊದಲು ಇಎಸ್‌ಐ ವೈದ್ಯರಲ್ಲಿ ಬರೆಸಿ, ಮಂಜೂರಾತಿ ಕೇಳಿ. ಅಲ್ಲಿಯವರೆಗೆ ಅಂಗಡಿಗೆ ಹೋಗಬೇಡಿ. ವಿಮಾದಾರ ಕಾರ್ಮಿಕರಿಗೇ ಕ್ಯಾನ್ಸರ್ ಬಂದಿದ್ದರೆ, ವಂತಿಗೆಯ ಷರತ್ತು ಪೂರೈಸಿದ್ದಲ್ಲಿ ಸಂಬಳದ ಶೇ. 80ರಷ್ಟು ವಿಸ್ತೃತ ಕಾಯಿಲೆ ಭತ್ಯೆ ಗರಿಷ್ಠ ಎರಡು ವರ್ಷದವರೆಗೆ ಸಿಗಬಹುದು. ಇದನ್ನೂ ವಿಚಾರಿಸಿ.

ಖಾಸಗಿ ಪಾಲಿಸಿ: ಉದಾಹರಣೆಗೆ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ದಾಖಲಾಗುವ ಮೊದಲಿನ 30 ದಿನ ಹಾಗೂ ಬಿಡುಗಡೆಯ ನಂತರದ 60 ದಿನಗಳ ಸಂಬಂಧಿತ ವೈದ್ಯಕೀಯ ಖರ್ಚು ಕೇಳಬಹುದು. ಪ್ಯಾಡ್, ಬ್ರಾ ಇದರಲ್ಲಿ ಸಿಗದಿದ್ದರೂ ಔಷಧಿ, ಪರೀಕ್ಷೆಗಳ ಹಣ ಬಿಡಬೇಡಿ.

ಕ್ಲೇಮ್ ಮಾಡುವಾಗ ನೆನಪಿಡಿ

• ಸ್ಲೀವ್ ಅಥವಾ ಕೃತಕ ಸ್ತನಕ್ಕೆ ವೈದ್ಯರ ಚೀಟಿ ಇರಲಿ. ಅದರಲ್ಲಿ ಕಾರಣವೂ ಇರಲಿ. "ಸ್ಲೀವ್ ಒಂದು" ಎಂಬುದಕ್ಕಿಂತ "ಸ್ತನ ಶಸ್ತ್ರಚಿಕಿತ್ಸೆಯ ನಂತರದ ಎಡತೋಳಿನ ಬಾವಿಗೆ" ಎಂದಿದ್ದರೆ ಕ್ಲೇಮ್ ಗಟ್ಟಿಯಾಗುತ್ತದೆ.
• ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಹೆಸರು, ದರ ಬೇರೆಬೇರೆ ಬರೆಸಿ. ವಿವರವಿಲ್ಲದೆ ಬರೀ 'ಕಿಟ್' ಎಂದಿದ್ದರೆ ಅದಕ್ಕೆ ಹಣವಿಲ್ಲ. ಪಾವತಿಯಿಲ್ಲದ ಪಟ್ಟಿಯಲ್ಲಿ ಅದೂ ಒಂದು.
• ಡಿಸ್ಚಾರ್ಜ್ ಸಾರಾಂಶ, ಬಯಾಪ್ಸಿ ವರದಿ, ಬಿಲ್, ಹಣ ಕಟ್ಟಿದ ರಸೀದಿ ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಂಡೇ ಮೂಲ ಪ್ರತಿ ಕಳಿಸಿ.
• ಅವಧಿ ಮೀರಬೇಡಿ. 'ಆರೋಗ್ಯ ಸಂಜೀವನಿ'ಯಲ್ಲಿ ಆಸ್ಪತ್ರೆ ಖರ್ಚಿನ ಕಾಗದಪತ್ರವನ್ನು ಬಿಡುಗಡೆಯಾದ 30 ದಿನದೊಳಗೆ ಸಲ್ಲಿಸಬೇಕು. ನಂತರದ ಖರ್ಚಿನದನ್ನು ಆ ಚಿಕಿತ್ಸೆ ಮುಗಿದ 15 ದಿನದೊಳಗೆ.

ಕ್ಲೇಮ್ ತಿರಸ್ಕೃತವಾದರೆ

ಕಾರಣವನ್ನು, ಪಾಲಿಸಿಯ ಯಾವ ಷರತ್ತಿನಡಿ ಎಂಬುದನ್ನು, ಬರಹದಲ್ಲಿ ಕೇಳಿ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಪತ್ರ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಒಂದು ವರ್ಷದೊಳಗೆ ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಪ್ರಾಧಿಕಾರದ ದೂರು ಸಹಾಯವಾಣಿ 155255.

ವಿಮೆ ಕೊಡದಿದ್ದರೆ ದಾರಿ ಇಲ್ಲವೇ?

ಇದೆ. ಹತ್ತಿ ನೂಲಿನಿಂದ ಹೆಣೆದ ಹಗುರ ಕೃತಕ ಸ್ತನಗಳನ್ನು ಉಚಿತವಾಗಿ ಕೊಡುವ ಸ್ವಯಂಸೇವಕರಿದ್ದಾರೆ. ಮನೆಯಲ್ಲೂ ಮಾಡಿಕೊಳ್ಳಬಹುದು. ಮೆತ್ತನೆಯ ಹಳೆಯ ಹತ್ತಿ ಬಟ್ಟೆಯಲ್ಲಿ ಇನ್ನೊಂದು ಸ್ತನದ ಅಳತೆಗೆ ಚೀಲ ಹೊಲಿದು ಹತ್ತಿ ತುಂಬಿ. ಗಾಯ ಮಾಯ್ದ ಮೇಲೆ, ತೂಕಕ್ಕಾಗಿ ಒಳಗೆ ಸಾಸಿವೆಯ ಪುಟ್ಟ ಗಂಟು ಇಡಬಹುದು. ಒಗೆಯುವ ಮೊದಲು ಗಂಟು ತೆಗೆಯಿರಿ. ಮಾಮೂಲಿ ಬ್ರಾದ ಒಳಗೆ ಜೇಬು ಹೊಲಿದರೆ ಸಾಕು, ಬೇರೆ ಕೊಳ್ಳಬೇಕಿಲ್ಲ.

ಸ್ಲೀವ್ ವಿಷಯದಲ್ಲಿ ಮಾತ್ರ ಮನೆಮದ್ದು ಬೇಡ. ಎಲಾಸ್ಟಿಕ್ ಬಟ್ಟೆ ಬಿಗಿಯಾಗಿ ಸುತ್ತಿದರೆ ಬಾವು ಹೆಚ್ಚಬಹುದು. ತೋಳು ದಪ್ಪವಾದರೆ, ಬಳೆ ಬಿಗಿಯಾದರೆ ತಡಮಾಡದೆ ತೋರಿಸಿ. ಕೆಂಪಾಗಿ ಜ್ವರ ಬಂದರೆ ಅದೇ ದಿನ ಬನ್ನಿ.

ಜೊತೆಗಿರುವ ಬಂಧುಗಳಲ್ಲಿ ಒಂದು ಮಾತು: ಡಿಸ್ಚಾರ್ಜ್ ದಿನ ನೀವು ಬಿಲ್ ಕೌಂಟರಿಗೆ ಹೋದಾಗ, ಅವರಿಗೆ ನರ್ಸಿನ ಹತ್ತಿರ ಹತ್ತು ನಿಮಿಷ ಒಬ್ಬರೇ ಮಾತಾಡಲು ಬಿಡಿ. ತಾಯಂದಿರೇ, ಆ ಹತ್ತು ನಿಮಿಷದಲ್ಲಿ ಏನು ಬೇಕಾದರೂ ಕೇಳಿ. ಕೇಳಿದ್ದಕ್ಕೆ ಇಲ್ಲಿ ಯಾರೂ ನಗುವುದಿಲ್ಲ.