ಹೆಪಟೈಟಿಸ್ ಸಿ ವೈರಾಣು ಸಂಶೋಧನೆ

ಹೆಪಟೈಟಿಸ್ ಸಿ ವೈರಾಣುವು ಯಕೃತ್ತಿನ ಜೀವಕೋಶಗಳನ್ನು ಆಶ್ರಯಿಸಿ, ಹಲವು ವರ್ಷಗಳವರೆಗೆ ಹೊರಲಕ್ಷಣಗಳಿಲ್ಲದೆ ಉಳಿಯಬಲ್ಲ ರೋಗಾಣುವಾಗಿದೆ. ರಕ್ತದ ಮೂಲಕ ಹರಡುವ ಇದು ಬಹುಪಾಲು ಸೋಂಕಿತರಲ್ಲಿ ದೀರ್ಘಕಾಲ ನೆಲೆಸುತ್ತದೆ. ಕೆಲವರಲ್ಲಿ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. 1989ರಲ್ಲಿ ಗುರುತಿಸಲಾದ ಈ ವೈರಾಣುವಿನ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಪ್ರಶಸ್ತಿ ದೊರೆಯಿತು. ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ಅವರ ತಂಡವು ಇದರ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದೆ.

ಪ್ರಯೋಗಾಲಯದ ಅಧ್ಯಯನಗಳು

ವೈರಾಣುವಿಗೆ ಪ್ರೋಟೀನ್ ತಯಾರಿಸುವ ಸ್ವಂತ ವ್ಯವಸ್ಥೆಯಿಲ್ಲ. ಆಶ್ರಯಕೋಶದ ರೈಬೋಸೋಮುಗಳನ್ನೇ ಅದು ದುಡಿಸಿಕೊಳ್ಳಬೇಕು. ಸಾಮಾನ್ಯವಾಗಿ ರೈಬೋಸೋಮು ಆರ್‌ಎನ್‌ಎ ಎಳೆಯ ತುದಿಯಲ್ಲಿರುವ 'ಟೋಪಿ'ಯ ನೆರವಿನಿಂದ ಎಳೆಯನ್ನು ಹಿಡಿಯುತ್ತದೆ. ಈ ವೈರಾಣುವಿನ ಸುಮಾರು 9,600 ನ್ಯೂಕ್ಲಿಯೋಟೈಡುಗಳ ಆರ್‌ಎನ್‌ಎಗೆ ಅಂತಹ ಟೋಪಿಯಿಲ್ಲ. ಅದರ ಮಡಚಿಕೊಂಡ ಒಂದು ಭಾಗವೇ ರೈಬೋಸೋಮನ್ನು ನೇರವಾಗಿ ಒಳಕ್ಕೆ ಸೆಳೆಯುತ್ತದೆ. ಮಾನವ ಕೋಶದ 'ಲಾ' ಎಂಬ ಪ್ರೋಟೀನ್ ಇದಕ್ಕೆ ನೆರವಾಗುತ್ತದೆ. ಲಾ ಪ್ರೋಟೀನಿನಿಂದ ಆಯ್ದ ಕಿರು ಪೆಪ್ಟೈಡಿನಿಂದ ಈ ನೆರವನ್ನು ತಡೆಯಬಹುದೆಂದು ಬೆಂಗಳೂರಿನ ತಂಡವು ತೋರಿಸಿತು.

ಇದೇ ತಂಡದ 2011ರ ಪ್ರಬಂಧವು ನೆಲನೆಲ್ಲಿಯ ಸಾರವನ್ನೂ, 2014ರ ಪ್ರಬಂಧವು ದಾಳಿಂಬೆ ಸಿಪ್ಪೆಯ ಪುನಿಕಾಲಾಜಿನ್ ಮೊದಲಾದ ಸಂಯುಕ್ತಗಳನ್ನೂ ಕುರಿತದ್ದು. ವೈರಾಣುವಿನ ಉದ್ದನೆಯ ಪ್ರೋಟೀನನ್ನು ತುಂಡರಿಸುವ ಎನ್‌ಎಸ್3 ಕಿಣ್ವಕ್ಕೆ ದಾಳಿಂಬೆಯ ಸಂಯುಕ್ತಗಳು ತಡೆಯೊಡ್ಡುತ್ತವೆ. ಈ ಫಲಿತಾಂಶಗಳನ್ನು ಎಚ್ಚರಿಕೆಯಿಂದ ಓದಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಫಲ ನೀಡಿದ್ದು ರೋಗಿಯ ದೇಹದಲ್ಲಿಯೂ ಫಲ ನೀಡುತ್ತದೆಂದು ಹೇಳಲಾಗದು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ನೆಲನೆಲ್ಲಿಯ ರಸ ಕುಡಿಸುವ ರೂಢಿ ಹಳೆಯದು. ಆದರೆ ಹೆಪಟೈಟಿಸ್ ಎ ಯಿಂದ ಬರುವ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ಹೆಪಟೈಟಿಸ್ ಸಿ ಯಲ್ಲಿ ಅನೇಕರಿಗೆ ಕಾಮಾಲೆಯೇ ಕಾಣಿಸಿಕೊಳ್ಳದು.

ಚಿಕಿತ್ಸೆ

ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ನೀಡಲಾಗುತ್ತಿತ್ತು, ಅಡ್ಡಪರಿಣಾಮಗಳು ತೀವ್ರವಾಗಿದ್ದವು. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಫೋಸ್‌ಬುವಿರ್, ವೈರಾಣು ತನ್ನ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಇತರ ಮಾತ್ರೆಗಳೊಡನೆ ಸಾಮಾನ್ಯವಾಗಿ 12 ವಾರ ಸೇವಿಸಿದರೆ ಶೇ. 90ಕ್ಕೂ ಹೆಚ್ಚು ರೋಗಿಗಳು ಗುಣಹೊಂದುತ್ತಾರೆ. ಎಚ್‌ಐವಿಯಂತೆ ಈ ವೈರಾಣು ಮಾನವ ಡಿಎನ್‌ಎಯೊಳಗೆ ಸೇರಿಕೊಳ್ಳದಿರುವುದರಿಂದ ಇದನ್ನು ಪೂರ್ಣವಾಗಿ ನಿರ್ಮೂಲಗೊಳಿಸಬಹುದು. ಲಸಿಕೆ ಇನ್ನೂ ಲಭ್ಯವಿಲ್ಲ.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಗಳು ಉಚಿತ. ಗುಣವಾದ ನಂತರವೂ ಪ್ರತಿಕಾಯ ಪರೀಕ್ಷೆಯು ಧನಾತ್ಮಕವಾಗಿಯೇ ಉಳಿಯಬಹುದಾದ್ದರಿಂದ, ವೈರಾಣು ಉಳಿದಿದೆಯೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆಯಿಂದ ತಿಳಿಯಲಾಗುತ್ತದೆ.