ಫೋಟೋದ ಅಂಚು: ನಿಮಗಿದು ಗೊತ್ತೇ?

● ನಂದಿ ಬೆಟ್ಟದ ಮುಂಜಾನೆಯ ಮಂಜು ನಿಮ್ಮ ಮೊಬೈಲ್‌ನಲ್ಲಿದೆಯೇ? ಆ ಫೋಟೋಗೆ ಅಗಲವಾದ ಬಿಳಿ ಬಾರ್ಡರ್ ಹಾಕಿ ನೋಡಿ. ಮಂಜು ಒಲೆಬೂದಿಯಂತೆ ಮಾಸಿ ಕಾಣುತ್ತದೆ. ಕಪ್ಪು ಬಾರ್ಡರ್ ಹಾಕಿ, ಅದೇ ಮಂಜು ಬೆಳಗುತ್ತದೆ. ಫೋಟೋದೊಳಗೆ ಒಂದು ಚುಕ್ಕೆಯೂ ಬದಲಾಗಿಲ್ಲ. ನಮ್ಮ ಕಣ್ಣು ಪಕ್ಕದ್ದರ ಜೊತೆ ಹೋಲಿಸಿಯೇ ಬಣ್ಣವನ್ನು ಅಳೆಯುತ್ತದೆ.

● ಇದನ್ನು ಕೂಲಂಕಷವಾಗಿ ವಿವರಿಸಿದ್ದು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ನೂಲಿನ ಬಣ್ಣ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೊಲ್. ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇಲ್ಲ! ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳು ಕಪ್ಪನ್ನು ಮಂಕಾಗಿಸಿದ್ದವು. 1839ರಲ್ಲಿ ಅವರು ಇದನ್ನೇ ಪುಸ್ತಕವಾಗಿಸಿದರು. ಇನ್ನೊಂದು ಸೋಜಿಗ: ಅವರಿಗೆ ನೂರು ತುಂಬಿದ 1886ರಲ್ಲಿ ಶೆವ್ರೊಲ್‌ರನ್ನು ಛಾಯಾಗ್ರಾಹಕ ನಾದಾರ್ ಮಾತಾಡಿಸುತ್ತಿದ್ದರೆ, ನಾದಾರ್ ಮಗ ಪಾಲ್ ಫೋಟೋ ತೆಗೆಯುತ್ತಿದ್ದರು. ಜಗತ್ತಿನ ಮೊದಲ ಸಚಿತ್ರ ಸಂದರ್ಶನಗಳಲ್ಲಿ ಅದೂ ಒಂದು.

● ರೇಷ್ಮೆ ಗೂಡು ಮಾರುವ ಶಿಡ್ಲಘಟ್ಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಳದಿ ಮಿಶ್ರತಳಿ ಗೂಡಿನ ಫೋಟೋಗೆ ನೀಲಿ ಅಂಚು ಕೊಟ್ಟರೆ ಹಳದಿ ಇನ್ನೂ ಗಾಢವಾಗಿ ಕಾಣುತ್ತದೆ. ಬೈವೋಲ್ಟೈನ್ ಬಿಳಿ ಗೂಡನ್ನು ಅಚ್ಚ ಬಿಳಿ ಅಂಚಿನೊಳಗೆ ಇಟ್ಟರೆ, ಒಳ್ಳೆಯ ಗೂಡೂ ಕೊಳೆಯಾದಂತೆ ಕಾಣುತ್ತದೆ. ವಾಟ್ಸಾಪ್ ಫೋಟೋ ನೋಡಿ ಗೂಡಿನ ಬಣ್ಣಕ್ಕೆ ಬೆಲೆ ಕಟ್ಟಬೇಡಿ, ಕೈಯಲ್ಲಿ ಹಿಡಿದು ನೋಡಿ.

● ಚಿಂತಾಮಣಿಯ ಟೊಮೆಟೊ? ಹಸಿರು ಅಂಚಿನಲ್ಲಿ ಕೆಂಪು ಏರುತ್ತದೆ, ಕೆಂಪು ಅಂಚಿನಲ್ಲಿ ಇಳಿಯುತ್ತದೆ.

● ಸುತ್ತಲೂ ಕತ್ತಲಿದ್ದರೆ ಚಿತ್ರದ ಬೆಳಕು–ನೆರಳಿನ ಅಂತರ ಕಡಿಮೆಯಾದಂತೆ ಕಾಣುತ್ತದೆ. ಕೊಡಾಕ್‌ನ ಬಾರ್ಟಲ್‌ಸನ್ ಮತ್ತು ಬ್ರೆನೆಮನ್ 1967ರಲ್ಲಿ ಇದನ್ನು ಅಳೆದು ತೋರಿಸಿದರು. ಕತ್ತಲ ಟಾಕೀಸಿನಲ್ಲಿ ತೋರಿಸುವ ಫಿಲ್ಮಿಗೆ ಹೆಚ್ಚು ಕಾಂಟ್ರಾಸ್ಟ್ ಕೊಡುತ್ತಿದ್ದುದು ಇದೇ ಕಾರಣಕ್ಕೆ.

● ಸಿನಿಮಾಸ್ಕೋಪ್ ಚಿತ್ರವನ್ನು ಕತ್ತರಿಸದೆ ಹಳೆಯ ಚೌಕ ಟಿ.ವಿ.ಯಲ್ಲಿ ತೋರಿಸಿದರೆ ಪರದೆಯ 40%ಕ್ಕೂ ಹೆಚ್ಚು ಭಾಗ ಬರೀ ಕಪ್ಪು ಪಟ್ಟಿ. ಈಗಿನ ಅಗಲ ಟಿ.ವಿ.ಯಲ್ಲೂ ಸುಮಾರು ಕಾಲು ಭಾಗ.

● ಪೋಲರಾಯ್ಡ್ ಫೋಟೋದ ಕೆಳ ಅಂಚು ದಪ್ಪಗಿರುವುದು ಅಂದಕ್ಕಲ್ಲ. ಚಿತ್ರ ಮೂಡಿಸುವ ರಾಸಾಯನಿಕದ ಪುಟ್ಟ ಚೀಲ ಅಲ್ಲಿರುತ್ತದೆ.

● ಸ್ಟುಡಿಯೋಗಳಲ್ಲಿ ಆಗಾಗ ಕೇಳುವ ಮಾತು, ‘ಪ್ರಿಂಟ್ ಡಾರ್ಕ್ ಬಂತು’. ಪ್ರಿಂಟರ್ ಮೇಲೆ ಸಿಟ್ಟಾಗುವ ಮುನ್ನ ಎಡಿಟ್ ಮಾಡಿದ ಪರದೆಯನ್ನು ನೋಡಿ. ಅದು ವಿಪರೀತ ಪ್ರಕಾಶದಲ್ಲಿದ್ದು, ಫೋಟೋದ ಸುತ್ತ ಕಪ್ಪು ಹಿನ್ನೆಲೆಯಿದ್ದರೆ ಚಿತ್ರ ಇರುವುದಕ್ಕಿಂತ ಬೆಳ್ಳಗೆ ಕಂಡಿರುತ್ತದೆ. ಬಿಳಿ ಕಾಗದಕ್ಕೆ ಬಂದಾಗ ನಿಜ ಬಣ್ಣ ತಿಳಿಯುತ್ತದೆ. ಎಡಿಟಿಂಗ್‌ಗೆ ನಡುಬೂದು ಹಿನ್ನೆಲೆಯೇ ಸರಿ.

● ಗೌರಿಬಿದನೂರಿನ ಹಳೆಯ ಮನೆಗಳ ಟ್ರಂಕಿನಲ್ಲಿ, 1938ರ ವಿದುರಾಶ್ವತ್ಥ ಧ್ವಜ ಸತ್ಯಾಗ್ರಹ ಕಂಡ ಹಿರಿಯರ ಕಪ್ಪು–ಬಿಳುಪು ಫೋಟೋ ಇರಬಹುದು. ಸ್ಕ್ಯಾನ್ ಮಾಡುವಾಗ ಹಳದಿಗಟ್ಟಿದ ಅಂಚನ್ನು ಕತ್ತರಿಸಿಬಿಡುತ್ತೇವೆ. ಆಗ ಪರದೆಯ ಬಿಳಿಯ ಪಕ್ಕದಲ್ಲಿ ಅಜ್ಜನ ಬಿಳಿ ಪಂಚೆ ಇನ್ನೂ ಹಳದಿಯಾಗಿ ಕಾಣುತ್ತದೆ. ಅಂಚು ಉಳಿದರೆ ಆ ಪಂಚೆ ಬಿಳಿಯೆಂದೇ ಕಣ್ಣು ಒಪ್ಪುತ್ತದೆ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಬರೆದ ತಾರೀಕು ಇರುವುದೂ ಅಲ್ಲೇ. ದಯವಿಟ್ಟು ಅಂಚಿನ ಸಮೇತ ಸ್ಕ್ಯಾನ್ ಮಾಡಿ.